ಬ್ಯಾಂಡ್ ಮೇಷ್ಟರ ದವಡೆ

ನಮ್ಮ ಶಾಲೆಯ ಉದ್ದನೆಯ ಮೊಗಸಾಲೆಯ ಕೊನೆಯಲ್ಲಿ, ರಸಾಯನಶಾಸ್ತ್ರದ ಸಾಮಾನು ಕೋಣೆಯ ಪಕ್ಕದಲ್ಲಿ, ಬ್ಯಾಂಡಿನ ಕೋಣೆಯಿತ್ತು. ಅದಕ್ಕೆ ಒಂದೇ ಕಿಟಕಿ; ಕಿಟಕಿಯ ಆಚೆಗೆ ನೀರಿನ ತೊಟ್ಟಿ. ಗೋಡೆಗೆ ಒರಗಿಸಿದ ಡ್ರಮ್ಮುಗಳು, ಕಪಾಟಿನ ತುಂಬ ಒಳಗಡೆ ಹಸಿರು ಬಟ್ಟೆ ಅಂಟಿಸಿದ ಉದ್ದುದ್ದ ಪೆಟ್ಟಿಗೆಗಳು, ಹಗ್ಗದ ಮೇಲೆ ಒಣಗುತ್ತಿದ್ದ ಒರಸುಬಟ್ಟೆಗಳು. ಮೇಜಿನ ಮೇಲೆ ಸದಾ ಒಂದು ಗಾಜಿನ ಲೋಟವಿರುತ್ತಿತ್ತು. ಅದರ ನೀರಿನಲ್ಲಿ ಕ್ಲಾರಿನೆಟ್ಟಿಗೆ ಕಟ್ಟುವ ಬೆತ್ತದ ತೆಳು ಪಟ್ಟಿಗಳು ನೆನೆಯುತ್ತಿದ್ದವು. ಹೊಸದಾಗಿ ಕೆಲಸಕ್ಕೆ ಸೇರಿದ ಜವಾನನೊಬ್ಬ ಬಾಯಾರಿ ಬಂದವನು ಒಮ್ಮೆ ಆ ನೀರನ್ನು ಗಟಗಟನೆ ಕುಡಿದುಬಿಟ್ಟ. ಬ್ಯಾಂಡ್ ಮೇಷ್ಟರು ಬೈಯಲಿಲ್ಲ.

"ಇಷ್ಟು ವರ್ಷದ ಸಂಗೀತಾನೆಲ್ಲ ಒಂದೇ ಉಸಿರಿಗೆ ಕುಡಿದುಬಿಟ್ಟೆಯಲ್ಲೋ! ಇನ್ನು ನೀನೇ ಪಾಠ ಮಾಡಪ್ಪ" ಎಂದರು.

ನನ್ನ ತರಗತಿ ಆ ಕೋಣೆಗೆ ಎದುರಾಗಿದ್ದುದರಿಂದ ನಾನು ಮಕ್ಕಳಿಗೆ ಕಲಿಸಿದ ಸಂಧಿ ಸಮಾಸಗಳೆಲ್ಲವೂ ಕ್ಲಾರಿನೆಟ್ಟಿನ ಹಿಮ್ಮೇಳದಲ್ಲಿಯೇ ನಡೆದವು. ಹೀಗಾಗಿ ಮೇಷ್ಟರನ್ನು ನಾನು ಬಹಳ ಹತ್ತಿರದಿಂದ ಬಲ್ಲೆ.

ಅವರದು ಸಣಕಲು ಮೈ. ಮೆಟ್ಟಿಲು ಇಳಿಯುವಾಗಲೂ ತಾಳ ತಪ್ಪುತ್ತಿರಲಿಲ್ಲ. ಮುಖದಲ್ಲಿ ಎದ್ದು ಕಾಣುತ್ತಿದ್ದುದೆಂದರೆ ಮೇಲಿನ ಎರಡು ಮುಂಬಲ್ಲುಗಳು. ಒಂದು ಹಲ್ಲು ಇನ್ನೊಂದರ ಮೇಲೆ ಕಾಲು ಹಾಕಿಕೊಂಡು ಕುಳಿತಂತಿತ್ತು. "ಇವರಿಬ್ಬರು ಅಣ್ಣ ತಮ್ಮ. ಮನೆ ಇನ್ನೂ ಪಾಲಾಗಿಲ್ಲ, ಅದಕ್ಕೇ ಒಬ್ಬನ ಮೇಲೊಬ್ಬ" ಎಂದು ತಾವೇ ಹೇಳಿ ನಗಿಸುತ್ತಿದ್ದರು. ಮಕ್ಕಳು ತಮಾಷೆ ಮಾಡುವುದಕ್ಕೆ ಅವಕಾಶವೇ ಉಳಿಯುತ್ತಿರಲಿಲ್ಲ.

ಕ್ಲಾರಿನೆಟ್ಟಿನ ತುದಿಯಲ್ಲಿ ಬಾಯಿಗೆ ಇಟ್ಟುಕೊಳ್ಳುವ ಕಪ್ಪು ತುಂಡೊಂದಿರುತ್ತದೆ. ಹಕ್ಕಿಯ ಕೊಕ್ಕಿನ ಹಾಗೆ ಚೂಪಾಗಿರುವುದರಿಂದ ಬ್ಯಾಂಡಿನ ಮಕ್ಕಳೆಲ್ಲ ಅದನ್ನು ಕೊಕ್ಕು ಎಂದೇ ಕರೆಯುತ್ತಿದ್ದರು. ಊದುವವರು ಮೇಲಿನ ಹಲ್ಲುಗಳನ್ನು ಅದರ ಬೆನ್ನಿನ ಮೇಲೆ ಊರುತ್ತಾರೆ. ಕೆಳಗಿನ ತುಟಿಯನ್ನು ಒಳಕ್ಕೆ ಮಡಿಸಿ ಬೆತ್ತದ ಪಟ್ಟಿಗೆ ಒತ್ತುತ್ತಾರೆ. ಮೇಷ್ಟರ ಕೊಕ್ಕು ಅವರಿಗೆ ವಿದ್ಯೆ ಕಲಿಸಿದವರು ಕೊಟ್ಟದ್ದು. ವರ್ಷಗಟ್ಟಲೆ ಊದಿ ಊದಿ ಅದರ ಬೆನ್ನಿನ ಮೇಲೆ ಅಣ್ಣ ತಮ್ಮಂದಿರು ಎರಡು ಕುಳಿಗಳನ್ನು ಕೊರೆದಿದ್ದರು: ಒಂದು ಆಳ, ಇನ್ನೊಂದು ಅದರ ಪಕ್ಕಕ್ಕೆ ಓರೆಯಾಗಿ, ಮೇಲುಮೇಲೆ. ಆ ಕುಳಿಗಳ ಬಗ್ಗೆ ಅವರಿಗೆ ಹೆಮ್ಮೆ.

"ಕಣ್ಣು ಮುಚ್ಚಿ ಬಾಯಿಗಿಟ್ಟರೂ ಸರಿ, ಹಲ್ಲು ತಾನಾಗಿ ಹೋಗಿ ಅದರ ಜಾಗದಲ್ಲಿ ಕೂರುತ್ತೆ. ಹಳೇ ಎತ್ತು ಕೊಟ್ಟಿಗೆಗೆ ಬಂದಹಾಗೆ" ಎನ್ನುವರು.

ಅವರ ಹೆಂಡತಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಗಡಿಯಾರ ರಿಪೇರಿಯ ಅಂಗಡಿ ನಡೆಸುತ್ತಿದ್ದರು. ಅವರ ತಂದೆಯಿಂದ ಬಂದ ಅಂಗಡಿ, ತಂದೆಯಿಂದ ಬಂದ ಕಸುಬು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತು, ಗಿರಾಕಿಯ ಮುಖ ನೋಡದೆಯೇ ಮಾತನಾಡುತ್ತಿದ್ದರು. ಇಡೀ ಬೀದಿಗೆ ಅವರು ಗಡಿಯಾರದಮ್ಮ. ಬಹಳ ವರ್ಷ ಕಾದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಮನೆಯಲ್ಲಿ ಅವಳ ಹೆಸರು ಗುಬ್ಬಿ. ಅವಳು ಕೂಸಾಗಿದ್ದಾಗ ಊಟ ಮಾಡಿಸುವ ಕೆಲಸ ಮೇಷ್ಟರದಾಗಿತ್ತು. ಚಮಚವನ್ನು ಮಗುವಿನ ಬಾಯಿಯ ಹತ್ತಿರ ಒಯ್ದಾಗಲೆಲ್ಲ ಅವರೂ ಆ ಎಂದು ಬಾಯಿ ತೆರೆಯುತ್ತಿದ್ದರಂತೆ. "ಯಾರಿಗೆ ತಿನ್ನಿಸ್ತಿದ್ದಾರೆ ಅಂತಲೇ ಗೊತ್ತಾಗ್ತಿರಲಿಲ್ಲ. ಒಂದೊಂದು ಸಲ ನಾನೇ ಇನ್ನೊಂದು ಚಮಚ ತಂದು ಇವರ ಬಾಯಿಗೆ ಹಾಕಿಬಿಡೋಣ ಅನ್ನಿಸ್ತಿತ್ತು" ಎಂದು ಗಡಿಯಾರದಮ್ಮ ನೆನೆಯುತ್ತಿದ್ದರು.

ಗುಬ್ಬಿ ನಮ್ಮ ಶಾಲೆಯಲ್ಲಿಯೇ ಓದಿದವಳು. ಕ್ಲಾರಿನೆಟ್ಟನ್ನು ಅಪ್ಪನಿಂದಲೇ ಕಲಿತಳು. ಶಾಲೆಯಲ್ಲಿ ಅವರನ್ನು ಸಾರ್ ಎನ್ನುವಳು, ಮನೆಯಲ್ಲಿ ಏಕವಚನ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರತೊಡಗಿದಾಗ ಅವಳ ಮೇಲಿನ ಸಾಲು ಮುಂದಕ್ಕೆ ಚಾಚಿಕೊಂಡಿತು. ತುಟಿ ಮುಚ್ಚುವುದೇ ಕಷ್ಟವಾಯಿತು. ಅವಳನ್ನು ಹಲ್ಲಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಆ ಡಾಕ್ಟರು ಹೆಂಗಸು, ನಡುವಯಸ್ಸಿನವರು, ಓರೆಕೋರೆ ಹಲ್ಲುಗಳಿಗೆ ತಂತಿ ಕಟ್ಟಿ ಸಾಲಿಗೆ ತರುವುದರಲ್ಲಿ ಹೆಸರಾದವರು. ಮಗುವನ್ನು ನೋಡಿ, "ಉಳಿದ ಹಲ್ಲುಗಳೂ ಬರಲಿ, ಆಮೇಲೆ ತಂತಿ ಹಾಕೋಣ. ಆದರೆ ಬೆಳೆಯೋ ವಯಸ್ಸು ದಾಟಿಸಬೇಡಿ. ದವಡೆ ಬೆಳೀತಾ ಇರುವಾಗ ನಮ್ಮ ಮಾತು ಕೇಳುತ್ತೆ, ಆಮೇಲೆ ಕೇಳಲ್ಲ" ಎಂದರು.

ತಂತಿಯ ಹೆಸರು ಕೇಳಿದ್ದೇ ತಡ, ಗುಬ್ಬಿ ಕುರ್ಚಿಯಿಂದ ಜಾರಿ ಅಪ್ಪನ ಹಿಂದೆ ಅಡಗಿದಳು. ತರಗತಿಯ ಹುಡುಗಿಯೊಬ್ಬಳ ತಂತಿ ಕೆನ್ನೆಗೆ ಚುಚ್ಚಿ ರಕ್ತ ಬಂದುದನ್ನು ಅವಳು ನೋಡಿದ್ದಳು.

"ನಾನು ಹಾಕಿಸ್ಕೊಳ್ಳಲ್ಲ. ಬೇಕಾದ್ರೆ ನೀನೇ ಹಾಕಿಸ್ಕೋ ಅಪ್ಪಾ, ನಿನ್ನ ಹಲ್ಲು ನನಗಿಂತ ಸೊಟ್ಟ."

ಮೇಷ್ಟರು ಹೇಳಿದರು: "ಸರಿ. ಬ್ಯಾಂಡಿನಲ್ಲಿ ಮೊದಲು ಹೆಜ್ಜೆ ಹಾಕೋನು ಯಾರು? ಮೇಷ್ಟ್ರು. ಮೊದಲು ನನಗೆ, ಆಮೇಲೆ ನಿನಗೆ. ಒಪ್ಪಿಗೆಯಾ?"

ಹುಡುಗಿ ನಂಬಲಿಲ್ಲ. ನಂಬಲೇಬೇಕಾಗುವಂತೆ ಮೇಷ್ಟರು ಅದೇ ಕುರ್ಚಿಯಲ್ಲಿ ಕುಳಿತು ಬಾಯಿ ತೆರೆದರು. ಡಾಕ್ಟರು ಪರೀಕ್ಷೆ ಮಾಡಿದರು. ಕೆಳಗಿನ ಹಲ್ಲುಗಳು ಮೇಲಿನ ಒಸಡಿಗೆ ತಾಗಿ ಗಾಯ ಮಾಡುತ್ತಿದ್ದುದರಿಂದ ಅವರಿಗೂ ಚಿಕಿತ್ಸೆ ಬೇಕೇ ಇತ್ತು. "ಬಾಯಿ ತೆರೆಯುವಾಗ ಕಿವಿಯ ಹತ್ತಿರ ಶಬ್ದ ಬರುತ್ತಾ? ನೋವು?" ಎಂದು ಡಾಕ್ಟರು ಕೇಳಿದರು. ಎರಡೂ ಇಲ್ಲವೆಂದರು. ನಿಜಕ್ಕೂ ಇರಲಿಲ್ಲ.

ನಲವತ್ತು ದಾಟಿದ ಗಂಡಸು ಹಲ್ಲಿಗೆ ತಂತಿ ಕಟ್ಟಿಸಿಕೊಂಡು ಬಂದ ದಿನ ನಮ್ಮ ಶಿಕ್ಷಕರ ಕೋಣೆಯಲ್ಲಿ ಪಾಠದ ಸಿದ್ಧತೆ ನಡೆಯಲಿಲ್ಲ.

"ಏನ್ರೀ ಮೇಷ್ಟ್ರೇ, ಬಾಯಿಗೆ ಬೇಲಿ ಹಾಕಿಸಿಬಿಟ್ರಿ! ಯಾರು ನುಗ್ತಿದ್ರು?" ಎಂದರು ರಸಾಯನಶಾಸ್ತ್ರದ ಮೇಷ್ಟರು.

"ಮಾತು ಹೊರಗೆ ನುಗ್ತಿತ್ತಲ್ಲ, ಅದಕ್ಕೆ" ಎಂದರು ಡ್ರಿಲ್ ಮೇಡಂ.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಿಮಗೆ ಎರಡೂ ಇದ್ದು, ಡಾಕ್ಟರು ಕಡಲೆ ತಿನ್ನಬೇಡಿ ಅಂದಿದ್ದಾರೆ. ಇದು ಹೊಸ ಗಾದೆ ಆಯ್ತು" ಎಂದರು ಮತ್ತೆ ರಸಾಯನಶಾಸ್ತ್ರದ ಮೇಷ್ಟರು.

ಮೇಷ್ಟರು ತಂತಿ ಮಿಂಚಿಸುತ್ತ ನಕ್ಕರು. ಆ ತಂತಿಯ ಕಾಲವನ್ನು ಅವರು ಹೆಚ್ಚು ಗೊಣಗದೆ ಕಳೆದರು. ಕ್ಲಾರಿನೆಟ್ ಊದುವುದನ್ನು ಕಡಿಮೆ ಮಾಡಿದರು. ಪಾಠಕ್ಕೆಂದು ಊದಲೇಬೇಕಾದಾಗ ಕೆಳಗಿನ ತಂತಿಗೆ ಮೇಣ ಮೆತ್ತಿ, ಶಾಲೆಯ ಸಾಧಾರಣ ವಾದ್ಯವೊಂದರ ಕೊಕ್ಕಿಗೆ ರಬ್ಬರಿನ ಪಟ್ಟಿ ಅಂಟಿಸಿಕೊಂಡು ಊದುತ್ತಿದ್ದರು. ತಮ್ಮ ಸ್ವಂತ ಕೊಕ್ಕನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟಿದ್ದರು. ತಿಂಗಳಿಗೊಮ್ಮೆ ತಂತಿ ಬಿಗಿ ಮಾಡಿಸಿಕೊಂಡು ಬಂದಾಗ ಗುಬ್ಬಿ ಅವರ ಬಾಯಿಯೊಳಕ್ಕೆ ಟಾರ್ಚು ಬಿಟ್ಟು, ಅಣ್ಣ ತಮ್ಮಂದಿರು ಎಷ್ಟು ದೂರವಾದರೆಂದು ಮನೆಗೆಲ್ಲ ವರದಿ ಒಪ್ಪಿಸುತ್ತಿದ್ದಳು. ಅವಳ ಭಯ ಹೋಯಿತು. ಅಷ್ಟೇ ಅಲ್ಲ, ಹುಡುಗಿ ಬೆಳೆದಂತೆಲ್ಲ ಅವಳ ಹಲ್ಲೂ ಎದ್ದು ಕಾಣತೊಡಗಿದ್ದರಿಂದ, ತನ್ನ ಸರದಿ ಯಾವಾಗ ಬರುವುದೆಂದು ಅವಳೇ ಕಾಯತೊಡಗಿದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸ ಅವಳಿಗೆ ಆಗಲೇ ಅಂಟಿಕೊಂಡಿತ್ತು.

ಮೇಷ್ಟರ ತಂತಿ ಬಿಚ್ಚಿದರು. ಮುಂಬಲ್ಲುಗಳು ಅಕ್ಕಪಕ್ಕದಲ್ಲಿ ನೆಟ್ಟಗೆ ನಿಂತಿದ್ದವು. ಅದೇ ದಿನ ಸಂಜೆ ಅವರು ಬ್ಯಾಂಡಿನ ಕೋಣೆಗೆ ಬಂದು, ಹಳೆಯ ಕೊಕ್ಕನ್ನು ಬಟ್ಟೆಯಿಂದ ಬಿಡಿಸಿ ವಾದ್ಯಕ್ಕೆ ಸಿಕ್ಕಿಸಿ ಊದಿದರು. ನಾನು ಉತ್ತರಪತ್ರಿಕೆ ತಿದ್ದುತ್ತ ಎದುರಿನ ಕೋಣೆಯಲ್ಲಿದ್ದೆ. ನಾದ ಎಂದಿನಂತೆಯೇ ಇತ್ತು, ಸ್ವಲ್ಪ ಬಿಗಿಯಾಗಿತ್ತೋ ಏನೋ. ಗುಬ್ಬಿಯ ಚಿಕಿತ್ಸೆ ಬೇಸಿಗೆಯ ರಜೆಯಲ್ಲಿ ಆರಂಭಿಸುವುದೆಂದು ಡಾಕ್ಟರೊಡನೆ ಮಾತಾಯಿತು.

ರಜೆಗೆ ಮೊದಲೇ ಶಬ್ದ ಶುರುವಾಯಿತು.

ಮೊದಲು ಅದು ಊಟದ ಹೊತ್ತಿನಲ್ಲಿ ಕೇಳಿಸಿತು. ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಡಬ್ಬಿ ಬಿಚ್ಚಿ ಕುಳಿತಿದ್ದೆವು. ಮೇಷ್ಟರು ಬಾಯಿ ತೆರೆದರು, ಟಕ್ ಎಂದಿತು. ಡ್ರಿಲ್ ಮೇಡಂ ಕುರ್ಚಿಯ ಕಾಲು ಮುರಿಯಿತೆಂದು ಎದ್ದು ನಿಂತರು. ಶಬ್ದ ಬಂದುದು ಮೇಷ್ಟರ ಎಡಗಿವಿಯ ಮುಂದಿನಿಂದ. ಕೆಲವು ವಾರಗಳಲ್ಲಿ ಟಕ್ಕಿಗೆ ನೋವೂ ಜೊತೆಯಾಯಿತು. ಬೆಳಿಗ್ಗೆ ಎದ್ದಾಗ ದವಡೆ ಹಿಡಿದುಕೊಂಡಿರುತ್ತಿತ್ತು. ಆಕಳಿಸಲು ಹೆದರಿ, ಗದ್ದಕ್ಕೆ ಮುಷ್ಟಿ ಒತ್ತಿಕೊಂಡು ಅರ್ಧ ಆಕಳಿಕೆಯಲ್ಲಿಯೇ ನಿಲ್ಲಿಸುತ್ತಿದ್ದರು.

"ಗಡಿಯಾರ ಆಗಿದ್ರೆ ಬಿಚ್ಚಿ, ತೊಳೆದು, ಒಂದು ತೊಟ್ಟು ಎಣ್ಣೆ ಬಿಟ್ಟು ಕೂರಿಸ್ತಿದ್ದೆ" ಎಂದರು ಅವರ ಹೆಂಡತಿ. "ಗಂಡ ಆಗಿಹೋದ್ರಿ, ಏನು ಮಾಡ್ಲಿ?"

ರಸಾಯನಶಾಸ್ತ್ರದ ಮೇಷ್ಟರು ಆಗ ಆಡಿದ ಮಾತು ಮುಂದಿನದಕ್ಕೆಲ್ಲ ಬೀಜವಾಯಿತು. "ತಂತೀದೇ ಕಿತಾಪತಿ ಮೇಷ್ಟ್ರೇ. ನಮ್ಮ ಭಾವಮೈದನ ನಾದಿನಿಗೂ ಹೀಗೇ ಆಯ್ತು. ಹಲ್ಲು ನೆಟ್ಟಗಾಯ್ತು, ದವಡೆ ಕೆಟ್ಟುಹೋಯ್ತು. ಎಲ್ಲ ಕಡೆ ಹೇಳ್ತಾರಲ್ಲ."

ಆ ಮಾತು ಮೇಷ್ಟರ ಒಳಗೆ ಇಳಿಯಿತು. ಒಂದು ಬೆಳಿಗ್ಗೆ ಅವರು ಎದ್ದಾಗ ಬಾಯಿ ಒಂದು ಬೆರಳು ಹೋಗುವಷ್ಟು ಮಾತ್ರ ತೆರೆಯಿತು. ಅದಕ್ಕಿಂತ ಹೆಚ್ಚು ತೆರೆಯಲು ನೋಡಿದರೆ ಎಡಗಡೆ ಬೀಗ ಹಾಕಿದಂತೆ ತಡೆಯುತ್ತಿತ್ತು. ಶಾಲೆಗೆ ಬಂದು, ಹಲ್ಲು ಕಚ್ಚಿಕೊಂಡವರಂತೆ ಮಾತನಾಡುತ್ತ, ತಾಳ ತೋರಿಸುವ ಕೋಲಿನಿಂದಲೇ ಪಾಠ ನಡೆಸಿದರು. ಮಧ್ಯಾಹ್ನಕ್ಕೆ ಅದು ಸಡಿಲವಾಯಿತು. ಸಂಜೆ ಮನೆಗೆ ಹೋದವರೇ ಹೇಳಿದರು: "ಗುಬ್ಬಿಗೆ ತಂತಿ ಬೇಡ."

ಗುಬ್ಬಿಗೆ ಆಗ ಹದಿಮೂರು. ಅವಳು ಕೂಗಾಡಲಿಲ್ಲ. "ಮೊದಲು ನಿನಗೆ, ಆಮೇಲೆ ನನಗೆ ಅಂದಿದ್ದೆಯಲ್ಲಪ್ಪಾ" ಎಂದಳು.

"ಅಂದಿದ್ದೆ ಕಣಮ್ಮ. ಮುಂದೆ ಹೋದವನು ಗುಂಡಿಗೆ ಬಿದ್ದ ಮೇಲೂ ಹಿಂದೆ ಬರೋರಿಗೆ ಬನ್ನಿ ಅನ್ನಲಾ?"

"ನನ್ನ ಹಲ್ಲು ಹೀಗೇ ಇರುತ್ತೆ ಹಾಗಾದ್ರೆ."

"ಹಲ್ಲು ಹೇಗಿದ್ರೂ ಊದಬಹುದು. ನಾನು ಊದಲಿಲ್ವಾ? ದವಡೆ ಹೋದ್ರೆ ಊದೋಕಾಗಲ್ಲ, ತಿನ್ನೋಕಾಗಲ್ಲ, ಅಳೋಕೂ ಆಗಲ್ಲ."

ಹುಡುಗಿ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಒಳಕ್ಕೆ ಹೋದಳು. ಅಂದಿನಿಂದ ಮನೆಯಲ್ಲಿಯೂ ಆ ಕೈ ಇಳಿಯಲಿಲ್ಲವೆಂದು ಅವಳ ತಾಯಿ ನನ್ನೊಡನೆ ಹೇಳಿದರು. ನನ್ನ ಕೈಗಡಿಯಾರದ ಪಟ್ಟಿ ಬದಲಿಸುತ್ತ, ಮಸೂರ ತೆಗೆಯದೆಯೇ ಹೇಳಿದರು. "ಗಡಿಯಾರ ನಿಂತುಹೋದ್ರೆ, ಕೊನೆಗೆ ಯಾರು ಮುಟ್ಟಿದ್ರೋ ಅವರ ಮೇಲೆ ಗೂಬೆ ಕೂರಿಸ್ತಾರೆ. ಎಷ್ಟೋ ಸಲ ಮುಟ್ಟಿದೋರದು ತಪ್ಪಿರಲ್ಲ. ಕೆಲವು ಸಲ ಇರುತ್ತೆ ಅನ್ನಿ. ಇವರದು ಯಾವುದೋ ನನಗೆ ತಿಳೀದು. ಆದ್ರೆ ಮಗು ಕಾಯ್ತಾ ಕೂತಿದೆ, ವಯಸ್ಸು ಕಾಯಲ್ಲ."

ಹೆಂಡತಿಯ ಒತ್ತಾಯಕ್ಕೆ ಮೇಷ್ಟರು ಡಾಕ್ಟರ ಬಳಿ ಹೋದರು. ಜಗಳವಾಡುವುದಕ್ಕೆಂದೇ ಹೋದವರು ಜಗಳವಾಡಲಾಗದೆ ಬಂದರು. ಡಾಕ್ಟರು ಅವರ ಎರಡೂ ಕಿವಿಗಳ ಮುಂದೆ ಬೆರಳಿಟ್ಟು, ಬಾಯಿ ತೆರೆಸಿ ಮುಚ್ಚಿಸಿ, ಕೀಲಿನ ಚಲನೆಯನ್ನು ಗಮನಿಸಿದರು. ದವಡೆಯ ಮೂಳೆಗೂ ತಲೆಯ ಮೂಳೆಗೂ ನಡುವೆ ಪುಟ್ಟ ದಿಂಬಿನಂಥದೊಂದು ಇರುವುದೆಂದೂ, ಅದು ಜಾಗ ಬಿಟ್ಟು ಸರಿದು ಮತ್ತೆ ಕೂರುವಾಗ ಟಕ್ ಎನ್ನುವುದೆಂದೂ, ಕೂರದೆ ಸಿಕ್ಕಿಕೊಂಡರೆ ಬಾಯಿ ತೆರೆಯದೆಂದೂ ವಿವರಿಸಿದರು.

"ಇದು ನಿಮ್ಮ ತಂತಿಯಿಂದಲೇ ಅಲ್ವಾ?" ಎಂದು ಮೇಷ್ಟರು ನೇರವಾಗಿ ಕೇಳಿದರು.

"ತಂತಿಯಿಂದ ಕೀಲು ಕೆಡುತ್ತೆ ಅಂತ ಒಂದು ಕಾಲದಲ್ಲಿ ಬಹಳ ಜನ ಹೇಳ್ತಿದ್ರು. ತಂತಿ ಹಾಕಿದ್ರೆ ಕೆಟ್ಟ ಕೀಲು ಸರಿಹೋಗುತ್ತೆ ಅನ್ನೋರೂ ಇದ್ರು. ಆಮೇಲೆ ತಂತಿ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ವರ್ಷಗಟ್ಟಲೆ ಗಮನಿಸಿ ನೋಡಿದಾರೆ. ಎರಡು ಕಡೆಯೂ ಈ ತೊಂದರೆ ಹೆಚ್ಚುಕಡಿಮೆ ಒಂದೇ ಸಮ. ತಂತಿಯನ್ನೇ ಕಾಣದ ಎಷ್ಟೋ ಜನರ ಕೀಲು ಟಕ್ ಅನ್ನುತ್ತೆ. ಕಾಗೆ ಕೂತಿತು, ಕೊಂಬೆ ಮುರೀತು."

"ಅದು ಊರಿನ ಲೆಕ್ಕ. ನನ್ನ ಕೊಂಬೆ ಯಾಕೆ ಮುರೀತು ಅಂತ ಹೇಳಿ."

ಡಾಕ್ಟರು ಹೇಳಿದರು: "ನಿಮ್ಮದು ಯಾಕೆ ಅಂತ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಸುಳ್ಳು ಹೇಳಲ್ಲ. ಮೆತ್ತಗಿರೋದನ್ನ ತಿನ್ನಿ, ಬಿಸಿ ಶಾಖ ಕೊಡಿ, ಸ್ವಲ್ಪ ದಿನ ಊದೋದನ್ನ ಬಿಡಿ. ಬಹಳ ಜನರಿಗೆ ಇಷ್ಟರಲ್ಲೇ ಕಡಿಮೆ ಆಗುತ್ತೆ."

ಶಿಕ್ಷಕರ ಕೋಣೆಗೆ ಬಂದ ಮೇಷ್ಟರು, "ನೋಡಿದ್ರಾ? ಅವರಿಗೇ ಗೊತ್ತಿಲ್ವಂತೆ!" ಎಂದರು. ಡಾಕ್ಟರ ಪ್ರಾಮಾಣಿಕತೆಯನ್ನೇ ಅವರು ತಪ್ಪೊಪ್ಪಿಗೆಯೆಂದು ತಿಳಿದರು. ಹಾಲಿನಲ್ಲಿ ಬ್ರೆಡ್ ನೆನೆಸಿ ತಿಂದರು, ಶಾಖ ಕೊಟ್ಟುಕೊಂಡರು. ಆದರೆ ಊದುವುದನ್ನು ಬಿಡಲಿಲ್ಲ. ರಜೆ ಮುಗಿದೊಡನೆ ಕ್ರೀಡಾದಿನವಿತ್ತು, ಬ್ಯಾಂಡು ಮೈದಾನದಲ್ಲಿ ಸುತ್ತು ಬರಬೇಕಾಗಿತ್ತು. ನೋವು ಹಾಗೆಯೇ ಉಳಿಯಿತು. ಗುಬ್ಬಿಯ ರಜೆ ಬಂದು ಹೋಯಿತು. ಮನೆಯಲ್ಲಿ ಆ ಮಾತು ಎತ್ತುವವರಿರಲಿಲ್ಲ.

ಪೂರ್ವಾಭ್ಯಾಸದ ದಿನ ಡ್ರಿಲ್ ಮೇಡಂ ಮೈದಾನದ ನಡುವೆ, ಮೆಟ್ಟಿಲುಗಳ ಎದುರಿಗೆ ನಿಂತು ಸಾಲುಗಳನ್ನು ಪರೀಕ್ಷಿಸುತ್ತಿದ್ದರು. ಅವರ ಕಣ್ಣಿಗೆ ಸಾಲಿನಿಂದ ಒಂದು ಬೂಟು ಆಚೆ ಬಂದರೂ ಬೀಳುತ್ತಿತ್ತು. ಡ್ರಮ್ಮಿನವರು ದಾಟಿದರು. ಹಿತ್ತಾಳೆಯ ಕಹಳೆಯವರು ದಾಟಿದರು. ಕ್ಲಾರಿನೆಟ್ಟಿನ ಸಾಲು ಎದುರಿಗೆ ಬಂದಾಗ ಅವರು ಸೀಟಿ ಊದಿ ನಿಲ್ಲಿಸಿದರು.

"ಬ್ಯಾಂಡ್ ಮೇಷ್ಟ್ರೇ, ಇಲ್ಲಿ ಬನ್ನಿ. ನಿಮ್ಮ ಈ ಸಾಲಿಗೆ ಬಲಗಡೆಯಿಂದ ಗಾಳಿ ಬೀಸ್ತಿದೆಯಾ?"

ಮೇಷ್ಟರು ಬಂದು ನೋಡಿದರು. ನಾವು ಮೆಟ್ಟಿಲ ಮೇಲೆ ಕುಳಿತಿದ್ದವರೂ ನೋಡಿದೆವು. ಸಾಲಿನ ಎಲ್ಲ ಮಕ್ಕಳೂ ಕ್ಲಾರಿನೆಟ್ಟನ್ನು ಎಡಗಡೆಗೆ ವಾಲಿಸಿ ಹಿಡಿದಿದ್ದರು. ಒಬ್ಬರಲ್ಲ, ಇಬ್ಬರಲ್ಲ, ಇಡೀ ಸಾಲು ಒಂದೇ ಓರೆಯಲ್ಲಿ, ಒಂದೇ ಬದಿಗೆ ಗದ್ದ ಸರಿಸಿಕೊಂಡು ನಿಂತಿತ್ತು. ಬಾಚಣಿಗೆಯ ಹಲ್ಲುಗಳೆಲ್ಲ ಒಟ್ಟಿಗೆ ಬಾಗಿದಂತೆ ಕಾಣುತ್ತಿತ್ತು. ಓರೆ ಎಷ್ಟು ಸಮನಾಗಿತ್ತೆಂದರೆ ಒಂದು ಬಗೆಯಲ್ಲಿ ಚೆನ್ನಾಗಿಯೇ ಇತ್ತು.

ಮೇಷ್ಟರಿಗೆ ಕೋಪ ಬಂತು. ವಾದ್ಯವನ್ನು ಮುಖದ ನಡುಗೆರೆಗೆ ನೆಟ್ಟಗೆ ಹಿಡಿಯಬೇಕೆಂಬುದು ಅವರ ಮೊದಲನೆಯ ಪಾಠ. "ಏನ್ರೋ ಇದು? ಯಾರು ಹೇಳಿಕೊಟ್ಟರು ಹೀಗೆ ಹಿಡಿಯೋಕೆ? ನೆಟ್ಟಗೆ! ನೆಟ್ಟಗೆ!"

ಮಕ್ಕಳು ನೆಟ್ಟಗೆ ಹಿಡಿದರು. ನಾಲ್ಕು ಹೆಜ್ಜೆ ಹಾಕಿ ಊದುವಷ್ಟರಲ್ಲಿ ಮತ್ತೆ ಎಡಕ್ಕೆ ವಾಲಿದರು.

"ಮೈದಾನ ಇಳಿಜಾರಾಗಿದೆಯೇನೋ" ಎಂದರು ಮೆಟ್ಟಿಲ ಮೇಲಿನಿಂದ ರಸಾಯನಶಾಸ್ತ್ರದ ಮೇಷ್ಟರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಸಾಲಿನ ಮೊದಲಿಗೆ ಗುಬ್ಬಿಯಿದ್ದಳು. ಅತ್ಯಂತ ಹೆಚ್ಚು ವಾಲಿದ್ದವಳೂ ಅವಳೇ. ಅಪ್ಪನ ಪಾಠವನ್ನು ಅವಳಷ್ಟು ಚೆನ್ನಾಗಿ ಕಲಿತವರು ಯಾರಿದ್ದರು? ಅವಳು ಕೊಕ್ಕನ್ನು ಬಾಯಿಂದ ತೆಗೆದು, ಎಂದಿನಂತೆ ಕೈ ಅಡ್ಡ ಹಿಡಿದು ಹೇಳಿದಳು: "ಸಾರ್, ನೀವು ಹೀಗೇ ಅಲ್ವಾ ಹಿಡಿಯೋದು?"

"ನಾನಾ?"

"ಹೂಂ ಸಾರ್. ತಂತಿ ಬಿಚ್ಚಿದ ಮೇಲಿಂದ ಹೀಗೇ. ಅದೇ ಹೊಸ ಕ್ರಮ ಅಂದ್ಕೊಂಡ್ವಿ."

ಸಾಲೆಲ್ಲ ತಲೆಯಾಡಿಸಿತು. ಒಬ್ಬ ಮೇಷ್ಟರ ಓರೆಯನ್ನು ಇಡೀ ತರಗತಿ ಶ್ರದ್ಧೆಯಿಂದ ಅಭ್ಯಾಸ ಮಾಡಿತ್ತು. ಹೇಳಿಕೊಟ್ಟದ್ದಕ್ಕಿಂತ ಮಾಡಿ ತೋರಿಸಿದ್ದು ಮಕ್ಕಳಿಗೆ ಬೇಗ ಹತ್ತುವುದನ್ನು ನಾವು ಶಿಕ್ಷಕರು ಬಲ್ಲೆವು. ಆದರೂ ಅಂದು ನಕ್ಕು ಹೊಟ್ಟೆ ಹುಣ್ಣಾಯಿತು. ಮೇಷ್ಟರು ಮಾತ್ರ ನಗಲಿಲ್ಲ.

ಪೂರ್ವಾಭ್ಯಾಸ ಮುಗಿದ ಮೇಲೆ ಅವರು ನೇರವಾಗಿ ಬ್ಯಾಂಡಿನ ಕೋಣೆಗೆ ಹೋದರು. ಗುಬ್ಬಿಯೂ ಹೋದಳು. ನಾನು ಮರೆತಿದ್ದ ಕೊಡೆಯನ್ನು ತೆಗೆದುಕೊಳ್ಳಲು ಅತ್ತ ಹೋದಾಗ, ಅಪ್ಪ ಮಗಳು ಕಿಟಕಿಯ ಗಾಜಿನ ಮುಂದೆ ನಿಂತಿದ್ದರು. ಆ ಕೋಣೆಯಲ್ಲಿ ಕನ್ನಡಿಯಿರಲಿಲ್ಲ. ಮೇಷ್ಟರು ವಾದ್ಯವನ್ನು ಮೂಗಿನ ನೇರಕ್ಕೆ ಹಿಡಿದು, ಕಣ್ಣು ಮುಚ್ಚಿ, ಬಾಯಿಗೆ ಇಟ್ಟುಕೊಂಡರು. ಕಣ್ಣು ತೆರೆದಾಗ ಅದು ಎಡಕ್ಕೆ ವಾಲಿತ್ತು. ಕೆಳದವಡೆಯೂ ಅದರ ಹಿಂದೆ ಎಡಕ್ಕೆ ಸರಿದಿತ್ತು. ಎರಡನೆಯ ಸಲವೂ ಹಾಗೆಯೇ ಆಯಿತು.

ಅವರು ಕೊಕ್ಕನ್ನು ಬಿಡಿಸಿ, ಅದರ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದರು. ಎರಡು ಕುಳಿಗಳು, ಒಂದು ಆಳ, ಒಂದು ಓರೆ. ಅಣ್ಣ ತಮ್ಮಂದಿರು ಒಬ್ಬರ ಮೇಲೊಬ್ಬರು ಕುಳಿತಿದ್ದ ಕಾಲದ ಕುಳಿಗಳು. ಈಗ ಅವರು ಪಾಲಾಗಿ ಅಕ್ಕಪಕ್ಕದಲ್ಲಿ ಇದ್ದರು. ಆದರೆ ವಾದ್ಯ ಬಾಯಿಗೆ ಬಂದೊಡನೆ ಹಳೆಯ ಕುಳಿಗಳನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಅವುಗಳಲ್ಲಿ ಕೂರಬೇಕಾದರೆ ವಾದ್ಯ ವಾಲಬೇಕಾಗಿತ್ತು. ವಾದ್ಯ ವಾಲಿದರೆ ದವಡೆ ಸರಿಯಬೇಕಾಗಿತ್ತು. ದಿನವೂ, ಪಾಠ ಪಾಠಕ್ಕೂ, ಅವರು ದವಡೆಯನ್ನು ಬದಿಗೆ ತಳ್ಳಿ ಊದುತ್ತಿದ್ದರು.

"ಎತ್ತು ಕೊಟ್ಟಿಗೆಗೆ ಬರ್ತಿದೆ ಕಣೇ ಗುಬ್ಬಿ" ಎಂದರು ನಿಧಾನವಾಗಿ. "ಕೊಟ್ಟಿಗೆ ಎತ್ತಿಗಾಗ್ತಿಲ್ಲ."

"ನೋಡಿದೆಯಾ, ತಂತಿಯದಲ್ಲ" ಎಂದು ಮಗಳು ಹೇಳುವಳೆಂದು ನಾನು ನಿರೀಕ್ಷಿಸಿದ್ದೆ. ಆದರೆ ಅವಳು ಕಪಾಟಿನಿಂದ ಶಾಲೆಯ ವಾದ್ಯದ ಕೊಕ್ಕನ್ನು, ಆ ರಬ್ಬರಿನ ಪಟ್ಟಿ ಅಂಟಿಸಿದ್ದುದನ್ನೇ, ತಂದು ಅಪ್ಪನ ಕೈಗೆ ಕೊಟ್ಟಳು.

ಕ್ರೀಡಾದಿನ ಮೇಷ್ಟರು ಊದಲಿಲ್ಲ. ಕೋಲು ಹಿಡಿದು ಮುಂದೆ ನಡೆದರು. ಹಿಂದಿನ ಸಾಲು ಸ್ವಲ್ಪ ಎಡಕ್ಕೂ ಸ್ವಲ್ಪ ನೆಟ್ಟಗೂ, ಎರಡು ಮನಸ್ಸಿನಲ್ಲಿ ಹೋಯಿತು. ಆಮೇಲೆ ಅವರು ಡಾಕ್ಟರು ಹೇಳಿದಂತೆ ನಿಜವಾಗಿಯೂ ವಿಶ್ರಾಂತಿ ಕೊಟ್ಟರು. ಹಳೆಯ ಕೊಕ್ಕನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದರು. ಮತ್ತೆ ಊದತೊಡಗಿದಾಗ ಕೊಕ್ಕು ಹೊಸದು, ನುಣ್ಣಗಿತ್ತು. ಆರಂಭದಲ್ಲಿ ಹಲ್ಲು ಎಲ್ಲಿ ಇಡಬೇಕೆಂದು ತಿಳಿಯದೆ, ಕಲಿಯುವ ಮಕ್ಕಳಂತೆ ಕೀಚಲು ದನಿ ಹೊರಡಿಸಿದರು. ನನ್ನ ತರಗತಿಯ ಮಕ್ಕಳು ನಕ್ಕರು, ನಾನು ಗದರಿಸಲಿಲ್ಲ. ನೋವು ಕಡಿಮೆಯಾಯಿತು. ಬಾಯಿ ಮತ್ತೆ ಸಿಕ್ಕಿಕೊಳ್ಳಲಿಲ್ಲ. ಟಕ್ಕೆಂಬ ಶಬ್ದ ಮಾತ್ರ ಉಳಿಯಿತು.

ಮೇಷ್ಟರು ಹಳೆಯದು ಹೊಸದು ಎರಡೂ ಕೊಕ್ಕುಗಳನ್ನು ತೆಗೆದುಕೊಂಡು ಡಾಕ್ಟರ ಬಳಿಗೆ ಹೋದರು. ಈ ಸಲ ಜಗಳಕ್ಕಲ್ಲ. ಡಾಕ್ಟರು ಕುಳಿಗಳನ್ನು ಮುಟ್ಟಿ ನೋಡಿ, "ಇದೂ ಒಂದು ಕಾರಣ ಇರಬಹುದು" ಎಂದರು.

"ಇರಬಹುದು ಅಂದ್ರೆ? ಇದೇ ಅಲ್ವಾ?"

"ಇದೇ ಅಂತ ನಾನು ಪ್ರಮಾಣ ಮಾಡಲ್ಲ. ವಿಶ್ರಾಂತಿ ಕೊಟ್ರಿ, ಅದರಿಂದಲೂ ಕಡಿಮೆ ಆಗಿರಬಹುದು. ತಾನಾಗೇ ಕಡಿಮೆ ಆಗೋದೂ ಉಂಟು. ನಿನ್ನೆ ತಂತಿ ಮೇಲೆ ಕೂರಿಸಿದ ಗೂಬೇನ ಇವತ್ತು ಈ ಕೊಕ್ಕಿನ ಮೇಲೆ ಕೂರಿಸೋದು ಬೇಡ."

ಮೇಷ್ಟರು ಇದನ್ನು ಶಿಕ್ಷಕರ ಕೋಣೆಯಲ್ಲಿ ಹೇಳಿದಾಗ ರಸಾಯನಶಾಸ್ತ್ರದ ಮೇಷ್ಟರು, "ಕಾಗೆ, ಗೂಬೆ, ಗುಬ್ಬಿ, ಕೊಕ್ಕು! ನಿಮ್ಮದೇನ್ರೀ ಮನೆಯೋ, ಪಕ್ಷಿಧಾಮವೋ?" ಎಂದರು. ಎಲ್ಲರೂ ನಕ್ಕ ಮೇಲೆ ಡ್ರಿಲ್ ಮೇಡಂ ಕೇಳಿದರು: "ಹುಡುಗಿ ವಿಷಯ ಏನು ಮಾಡಿದ್ರಿ?"

ಮೇಷ್ಟರು ಡಬ್ಬಿಯ ಮುಚ್ಚಳವನ್ನು ಹಾಕಿ ತೆಗೆದು ಮಾಡಿದರು. "ನನಗೆ ಇನ್ನೂ ಹೆದರಿಕೆ ಇದೆ ಮೇಡಂ. ಕಾರಣ ಪೂರ್ತಿ ಗೊತ್ತಾಗಲಿಲ್ಲ. ಆದ್ರೆ ಗೊತ್ತಿಲ್ಲದ್ದು ನನ್ನ ದವಡೆಯದು. ಅದನ್ನ ಅವಳ ಬಾಯಿಗೆ ಬೀಗ ಹಾಕೋಕೆ ಉಪಯೋಗಿಸಿದೆ. ಮಾತು ಕೊಟ್ಟಿದ್ದೀನಿ, ಕರಕೊಂಡು ಹೋಗ್ತೀನಿ. ಟಕ್ ಅಂದ್ರೆ ಅವತ್ತೇ ಹೇಳಬೇಕು ಅಂತ ಅವಳಿಗೂ ಹೇಳಿದೀನಿ, ಡಾಕ್ಟರಿಗೂ ಹೇಳ್ತೀನಿ."

ಡಾಕ್ಟರ ಬಳಿ ನಡೆದುದನ್ನು ಗಡಿಯಾರದಮ್ಮ ಅಂಗಡಿಯಲ್ಲಿ ನನಗೆ ಹೇಳಿದರು. ಅಂದು ಮಾತ್ರ ಮಸೂರವನ್ನು ಕಣ್ಣಿನಿಂದ ತೆಗೆದಿದ್ದರು.

ಗುಬ್ಬಿಯನ್ನು ಕುರ್ಚಿಯಲ್ಲಿ ಕೂರಿಸಿದರಂತೆ. ತಂತಿಯ ಮಾತಿಗೆ ಮೊದಲು ಡಾಕ್ಟರು ಹುಡುಗಿಯ ಎರಡೂ ಕಿವಿಗಳ ಮುಂದೆ ಬೆರಳಿಟ್ಟರು. ಗಂಡ ಹೆಂಡತಿ ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ ಕುಳಿತಿದ್ದರು. "ನಿಧಾನವಾಗಿ ಬಾಯಿ ತೆಗಿ ಮರಿ, ಪೂರ್ತಿ" ಎಂದರು ಡಾಕ್ಟರು. ಗುಬ್ಬಿ ಕೈ ಇಳಿಸಿ ಬಾಯಿ ತೆರೆದಳು. ಕೋಣೆಯೆಲ್ಲ ಕಿವಿಯಾಗಿತ್ತು.

ಟಕ್.

ಡಾಕ್ಟರು ಬೆಚ್ಚಿದರು. ಹುಡುಗಿಯ ಕೀಲು ಮೆತ್ತಗೆ ಸರಿದಿತ್ತು, ಬೆರಳಿಗೇನೂ ತಗಲಿರಲಿಲ್ಲ. ಅವರು ತಿರುಗಿ ನೋಡಿದರು. ಬೆಂಚಿನ ಮೇಲೆ ಬ್ಯಾಂಡ್ ಮೇಷ್ಟರು, ಮಗಳ ಜೊತೆಜೊತೆಗೇ ಬಾಯಿಯನ್ನು ಆ ಎಂದು ಪೂರ್ತಿ ತೆರೆದುಕೊಂಡು ಕುಳಿತಿದ್ದರು.

"ನೀವು ಬಾಯಿ ಮುಚ್ಕೊಳ್ರೀ" ಎಂದರಂತೆ ಗಡಿಯಾರದಮ್ಮ. "ಈ ಸಲ ಸರದಿ ಅವಳದು."

ಗುಬ್ಬಿ ಕುರ್ಚಿಯಲ್ಲಿಯೇ ನಕ್ಕಳು. ಡಾಕ್ಟರ ಕೈಗಳು ಅವಳ ಕೆನ್ನೆಯ ಮೇಲಿದ್ದುದರಿಂದ ಬಾಯಿಗೆ ಅಡ್ಡ ಹಿಡಿಯಲು ಅವಳ ಕೈಗೆ ಜಾಗವಿರಲಿಲ್ಲ.